ದುಬಾರಿ ಕೇಬಲ್‌ಗೆ ದುಡ್ಡು ಹಾಕಬೇಕಾ? ಟಿವಿ ಹಿಂದೆ ಬೇಡ, ತೋಟದ ದಾರಿಯಲ್ಲಿ ಬೇಕು

ಹೊಸ ಟಿವಿ ತಗೊಳ್ಳುವಾಗ ಬಿಲ್ ಹಾಕುವ ಹೊತ್ತಿಗೆ ಸರಿಯಾಗಿ ಒಂದು ಮಾತು ಬರುತ್ತದೆ. ಮಡಿಕೇರಿಯಾಗಲಿ, ಗೋಣಿಕೊಪ್ಪವಾಗಲಿ, ಕುಶಾಲನಗರವಾಗಲಿ, ಮಾತು ಒಂದೇ. "ಫೋರ್ ಕೆ ಟಿವಿ ಅಲ್ವಾ ಸರ್, ಮಾಮೂಲಿ ಕೇಬಲ್ ಹಾಕಿದ್ರೆ ಕ್ಲಾರಿಟಿ ಸಿಗಲ್ಲ, ಇದನ್ನೇ ತಗೊಳ್ಳಿ." ಇದು ಅಂದರೆ ಬಟ್ಟೆ ಹೆಣೆದ ಹೊದಿಕೆ, ಚಿನ್ನದ ಬಣ್ಣದ ತುದಿ, ದಪ್ಪ ಡಬ್ಬ, ನಾಲ್ಕಂಕಿ ಬೆಲೆ. ಪಕ್ಕದ ಕೊಕ್ಕೆಯಲ್ಲಿ ನೇತಾಡುವ ಇನ್ನೊಂದು ಎಚ್‌ಡಿಎಂಐ ಕೇಬಲ್‌ಗೆ (ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್ ಇದು) ಮುನ್ನೂರು ಚಿಲ್ಲರೆ. ಉದ್ದ ಎರಡರದ್ದೂ ಒಂದೂವರೆ ಮೀಟರ್.

ಮುನ್ನೂರರದ್ದನ್ನೇ ತಗೊಳ್ಳಿ. ಉಳಿದ ದುಡ್ಡನ್ನು ಮನೆಯಿಂದ ಆಚೆ ಹೋಗುವ ಕೇಬಲ್‌ಗೆ ಇಟ್ಟುಕೊಳ್ಳಿ. ಡಿಶ್‌ನಿಂದ ಬರುವುದು, ಗೇಟಿನ ಕ್ಯಾಮೆರಾಕ್ಕೆ ಹೋಗುವುದು, ಕಣಕ್ಕೆ ಎಳೆದದ್ದು, ಇವುಗಳಲ್ಲಿ ಒಳ್ಳೆ ಕೇಬಲ್‌ಗೂ ಕಳಪೆ ಕೇಬಲ್‌ಗೂ ಇರುವ ವ್ಯತ್ಯಾಸ ಒಂದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಟಿವಿ ಹಿಂದಿನ ಒಂದೂವರೆ ಮೀಟರ್‌ನಲ್ಲಿ ಹತ್ತು ವರ್ಷ ಕಳೆದರೂ ಗೊತ್ತಾಗುವುದಿಲ್ಲ.

ಟಿವಿ ಹಿಂದೆ

ಮೊದಲು ಈ "ಕ್ಲಾರಿಟಿ" ವಿಷಯ ಮುಗಿಸೋಣ. ಹಳದಿ, ಕೆಂಪು, ಬಿಳಿ ಪಿನ್ನಿನ ಕಾಲದಲ್ಲಿ ಕೇಬಲ್ ಚೆನ್ನಾಗಿಲ್ಲದಿದ್ದರೆ ಚಿತ್ರ ಮಸುಕಾಗುತ್ತಿತ್ತು, ಗೆರೆ ಬರುತ್ತಿತ್ತು, ಸ್ಪೀಕರ್ ಗುಂಯ್ ಅನ್ನುತ್ತಿತ್ತು. ಆಗ ಒಳ್ಳೆ ಕೇಬಲ್ ಅನ್ನೋ ಮಾತಿಗೆ ಅರ್ಥ ಇತ್ತು. 2002ರ ಕೊನೆಗೆ ಎಚ್‌ಡಿಎಂಐ ಬಂತು, ಅಲ್ಲಿಂದ ಆಚೆಗೆ ತಂತಿಯಲ್ಲಿ ಹೋಗುವುದು ಬರೀ ಸೊನ್ನೆ ಮತ್ತು ಒಂದು. ಟಿವಿ ನೋಡುವುದು ಇಷ್ಟೇ, ಬಂದದ್ದು ಸೊನ್ನೆಯೋ ಒಂದೋ. ಸಿಗ್ನಲ್ ಸ್ವಲ್ಪ ಸೊರಗಿ ಬಂದರೂ ಇದು ಸೊನ್ನೆ, ಇದು ಒಂದು ಅಂತ ಗುರುತು ಸಿಗುವಷ್ಟಿದ್ದರೆ ಚಿತ್ರ ಪೂರ್ತಿ ಬರುತ್ತದೆ. ಗುರುತೇ ಸಿಗದಷ್ಟು ಕೆಟ್ಟರೆ ಪರದೆ ಮೇಲೆ ಬಿಳಿ ಚುಕ್ಕಿಗಳು ಮಿಂಚುತ್ತವೆ, ಇಲ್ಲವೇ ಎರಡು ಸೆಕೆಂಡ್ ಪರದೆ ಕಪ್ಪಾಗಿ ಮತ್ತೆ ಬರುತ್ತದೆ, ಇಲ್ಲವೇ "ನೋ ಸಿಗ್ನಲ್".

ನಡುವೆ ಇನ್ನೊಂದು ಸ್ಥಿತಿ ಇಲ್ಲ. ಹಸಿರು ಇನ್ನೂ ಹಸಿರಾಯ್ತು, ಕಪ್ಪು ಇನ್ನೂ ಕಪ್ಪಾಯ್ತು, ಮುಖದಲ್ಲಿ ಕಳೆ ಬಂತು ಅನ್ನುವುದೆಲ್ಲ ಕೇಬಲ್‌ನಿಂದ ಆಗುವ ಕೆಲಸ ಅಲ್ಲ. ಅದಕ್ಕೆ ಟಿವಿಯ ಸೆಟ್ಟಿಂಗ್‌ನಲ್ಲಿ ವಿವಿಡ್ ತೆಗೆದು ಸಿನಿಮಾ ಮೋಡ್ ಹಾಕಿ. ಪುಕ್ಕಟೆ.

ಹಾಗಾದರೆ ಎಲ್ಲ ಎಚ್‌ಡಿಎಂಐ ಕೇಬಲ್‌ಗಳೂ ಒಂದೇನಾ? ಅಲ್ಲ. ಎಷ್ಟು ವೇಗ ತಡೆದುಕೊಳ್ಳುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಇದೆ, ಆದರೆ ಅದು ಬೆಲೆಯಿಂದಲ್ಲ, ದರ್ಜೆಯಿಂದ ತಿಳಿಯುತ್ತದೆ. ಹೈ ಸ್ಪೀಡ್ ಅನ್ನುವುದು ಸೆಟ್‌ಟಾಪ್ ಬಾಕ್ಸ್‌ಗೆ, ಎಚ್‌ಡಿ ಚಾನೆಲ್‌ಗೆ, ಹಳೆ ಲ್ಯಾಪ್‌ಟಾಪ್‌ಗೆ ಧಾರಾಳ. ಪ್ರೀಮಿಯಂ ಹೈ ಸ್ಪೀಡ್ ಅಂದರೆ ಸೆಕೆಂಡಿಗೆ 18 ಗಿಗಾಬಿಟ್, ಅಂದರೆ ಫೋರ್ ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ, ಎಚ್‌ಡಿಆರ್ (ಬೆಳಕು ನೆರಳಿನ ವ್ಯತ್ಯಾಸವನ್ನು ಹೆಚ್ಚು ತೋರಿಸುವ ಚಿತ್ರ) ಸಮೇತ. ಅಲ್ಟ್ರಾ ಹೈ ಸ್ಪೀಡ್ ಅಂದರೆ 48 ಗಿಗಾಬಿಟ್. ಇದು ಬೇಕಾಗುವುದು ಪಿಎಸ್5ನಂಥ ಗೇಮ್ ಬಾಕ್ಸ್‌ನಲ್ಲಿ 120 ಫ್ರೇಮ್ ಓಡಿಸುವ ಹುಡುಗರಿಗೆ, ಅವರಿಗೂ ಪಿಎಸ್5 ಡಬ್ಬದಲ್ಲೇ ಅಂಥ ಕೇಬಲ್ ಬರುತ್ತದೆ. 2025ರಲ್ಲಿ 96 ಗಿಗಾಬಿಟ್‌ನ ಹೊಸ ಎಚ್‌ಡಿಎಂಐ 2.2 ಕೂಡ ಬಂದಿದೆ, ಅದಕ್ಕಾಗಿ ಈಗ ಯಾರೂ ಕಾಯಬೇಕಾಗಿಲ್ಲ.

ಹೊದಿಕೆ ಮೇಲೆ "8ಕೆ" ಅಂತ ದೊಡ್ಡದಾಗಿ ಅಚ್ಚು ಹಾಕಿದ್ದು ನೋಡಿ ಮರುಳಾಗಬೇಡಿ, ಅದನ್ನು ಯಾರು ಬೇಕಾದರೂ ಹಾಕಬಹುದು. ಪ್ರೀಮಿಯಂ ಮತ್ತು ಅಲ್ಟ್ರಾ ದರ್ಜೆಗೆ ಡಬ್ಬದ ಮೇಲೆ ಕ್ಯೂಆರ್ ಕೋಡ್ ಇರುವ ಲೇಬಲ್ ಅಂಟಿಸಿರಬೇಕು. ಎಚ್‌ಡಿಎಂಐನವರದೇ ಆ್ಯಪ್ ಇದೆ, ಅಂಗಡಿಯಲ್ಲೇ ಸ್ಕ್ಯಾನ್ ಮಾಡಿದರೆ ಪರೀಕ್ಷೆ ಆದ ಕೇಬಲ್ಲೋ ಅಲ್ಲವೋ ಹೇಳಿಬಿಡುತ್ತದೆ. ಆ ಲೇಬಲ್ ಇರುವ ಎರಡು ಮೀಟರ್ ಕೇಬಲ್ ಸಾವಿರದೊಳಗೇ ಸಿಗುತ್ತದೆ. ಲೇಬಲ್ ಇಲ್ಲದ ಐದು ಸಾವಿರದ್ದಕ್ಕಿಂತ ನನ್ನ ಮಟ್ಟಿಗೆ ಅದೇ ಮೇಲು.

ಚಿನ್ನದ ಲೇಪದ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮಲ್ಲಿ ಇದನ್ನು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಚಿನ್ನ ಕಿಲುಬು ಹಿಡಿಯುವುದಿಲ್ಲ. ಕೊಡಗಿನ ಕಕ್ಕಡ ತಿಂಗಳ, ಅಂದರೆ ಜುಲೈ ಆಗಸ್ಟ್ ಹೊತ್ತಿನ ಮಳೆಯಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು, ಟಿವಿ ಹಿಂದಿನ ಪಿನ್ನು ಮಾತ್ರ ಒಣಗಿರುತ್ತದೆಯೇ? ಆದರೆ ಮುನ್ನೂರರ ಕೇಬಲ್‌ಗೂ ಸಾಮಾನ್ಯವಾಗಿ ತೆಳ್ಳಗೆ ಚಿನ್ನದ ಲೇಪ ಇದ್ದೇ ಇರುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಮಳೆಗಾಲ ಪೂರ್ತಿ ಬೀಗ ಹಾಕಿದ್ದ ಹೋಮ್‌ಸ್ಟೇ ರೂಮಿನಲ್ಲಿ ಟಿವಿ ಮಿಣುಕುತ್ತಿದ್ದರೆ ಹೊಸ ಕೇಬಲ್ ತರುವ ಮುಂಚೆ ಕರೆಂಟ್ ತೆಗೆದು, ಪಿನ್ನನ್ನು ನಾಲ್ಕೈದು ಸಲ ಎಳೆದು ಚುಚ್ಚಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಉದ್ದ ಜಾಸ್ತಿಯಾದರೆ ಲೆಕ್ಕ ಬದಲಾಗುತ್ತದೆ. ಫೋರ್ ಕೆ ಚಿತ್ರವನ್ನು ಐದಾರು ಮೀಟರ್ ದಾಟಿ ಒಯ್ಯಬೇಕಾದರೆ ಮಾಮೂಲಿ ತಾಮ್ರದ ಕೇಬಲ್ ತಡಬಡಾಯಿಸುತ್ತದೆ. ಹೋಮ್‌ಸ್ಟೇ ಹಾಲಿನ ಸೂರಿಗೆ ಪ್ರೊಜೆಕ್ಟರ್ ಹಾಕಿ ಹತ್ತು ಹದಿನೈದು ಮೀಟರ್ ಎಳೆಯುವವರು ಆಪ್ಟಿಕಲ್ ಎಚ್‌ಡಿಎಂಐ ತಗೊಳ್ಳಿ. ಅದರೊಳಗೆ ಚಿತ್ರ ಬೆಳಕಾಗಿ ಹೋಗುತ್ತದೆ. ಬೆಲೆ ಜಾಸ್ತಿ, ಆದರೆ ಇಲ್ಲಿ ಕೊಟ್ಟ ದುಡ್ಡಿಗೆ ಕೆಲಸ ಇದೆ. ಎರಡು ವಿಷಯ ನೆನಪಿಡಿ. ಇದಕ್ಕೆ ದಿಕ್ಕಿದೆ, ಒಂದು ತುದಿ ಬಾಕ್ಸ್‌ಗೆ, ಇನ್ನೊಂದು ಪ್ರೊಜೆಕ್ಟರ್‌ಗೆ, ತುದಿಯಲ್ಲೇ ಬರೆದಿರುತ್ತದೆ, ಉಲ್ಟಾ ಹಾಕಿದರೆ ಏನೂ ಬರುವುದಿಲ್ಲ. ಮತ್ತೆ ಇದನ್ನು ಗೋಡೆಯೊಳಗೆ ಹಾಗೇ ಪ್ಲಾಸ್ಟರ್ ಮಾಡಿ ಮುಚ್ಚಬೇಡಿ. ಎಚ್‌ಡಿಎಂಐ ತುದಿ ನುಗ್ಗುವಷ್ಟು ದಪ್ಪ ಪೈಪ್ ಹಾಕಿಸಿ, ಒಳಗೊಂದು ದಾರ ಬಿಟ್ಟಿರಿ. ಕೆಟ್ಟ ದಿನ ಆ ದಾರಕ್ಕೆ ಕಟ್ಟಿ ಹೊಸದನ್ನು ಎಳೆದುಕೊಳ್ಳಬಹುದು.

ಸೌಂಡ್‌ಬಾರ್‌ಗೆ ಹೋಗುವ ಆಪ್ಟಿಕಲ್ ಕೇಬಲ್‌ನದು ಹೇಳುವಂಥದ್ದೇನಿಲ್ಲ. ತೋಷಿಬಾ 1983ರಲ್ಲಿ ತಂದ ಪ್ಲಾಸ್ಟಿಕ್ ಎಳೆ ಅದು. ಅಗ್ಗದ್ದೂ ಅದೇ ಬೆಳಕನ್ನು ಒಯ್ಯುತ್ತದೆ. ತುದಿಯ ಸಣ್ಣ ಪ್ಲಾಸ್ಟಿಕ್ ಟೋಪಿ ತೆಗೆಯದೇ ತುರುಕಿ ಸೌಂಡ್ ಬರ್ತಿಲ್ಲ ಅನ್ನುವವರೇ ಜಾಸ್ತಿ.

ಸಂಗೀತದ ಹುಚ್ಚಿರುವವರಿಗೆ

ಇವರೊಂದಿಗೆ ವಾದ ಮಾಡುವುದು ಕಷ್ಟ, ಆದರೂ ಹೇಳುತ್ತೇನೆ. ಡೆನಾನ್ ಕಂಪನಿ ಒಂದೂವರೆ ಮೀಟರ್‌ನ ಒಂದು ಕೇಬಲ್ಲನ್ನು 499 ಡಾಲರ್‌ಗೆ ಮಾರಿತ್ತು. ತುದಿ ನೋಡಿದರೆ ಮಾಮೂಲಿ ನೆಟ್‌ವರ್ಕ್ ಕೇಬಲ್‌ನದೇ. ಸಿಗ್ನಲ್ ಯಾವ ಕಡೆ ಹೋಗಬೇಕು ಅಂತ ಬಾಣದ ಗುರುತು ಬೇರೆ! 2008ರಲ್ಲಿ ಅಮೆಜಾನ್‌ನಲ್ಲಿ ಜನ ಅದಕ್ಕೆ ಬರೆದ ರಿವ್ಯೂಗಳು ಆ ಕೇಬಲ್‌ಗಿಂತ ಹೆಸರು ಮಾಡಿದವು, ಎಲ್ಲ ಗೇಲಿ.

ನೆಟ್‌ವರ್ಕ್ ಕೇಬಲ್‌ನಲ್ಲಿ ಹಾಡು ಬರುವಾಗ ಚೂರು ಚೂರಾಗಿ ಬರುತ್ತದೆ. ಪ್ರತಿ ಚೂರಿನ ಜೊತೆ ಸರಿಯಾಗಿ ಬಂತಾ ಅಂತ ತಾಳೆ ನೋಡುವ ಲೆಕ್ಕ ಇರುತ್ತದೆ. ತಪ್ಪಿದ್ದನ್ನು ಬಿಸಾಕಿ ಮತ್ತೊಮ್ಮೆ ಕೇಳಿ ತರಿಸಿಕೊಳ್ಳಲಾಗುತ್ತದೆ. ಬಂದದ್ದು ಮೊದಲು ಮೆಮೊರಿಯಲ್ಲಿ ಕೂತು, ಆಮೇಲೆ ಪ್ಲೇಯರ್‌ನ ಗಡಿಯಾರದ ಪ್ರಕಾರ ಹೊರಗೆ ಬರುತ್ತದೆ. ಅಂದಮೇಲೆ ಆ ಕೊನೆಯ ಒಂದು ಮೀಟರ್‌ಗೆ ಬೆಳ್ಳಿ ತಂತಿ ಹಾಕಿ ಸ್ವರ ಇಂಪಾಯಿತು ಅಂದರೆ ನಾನು ನಂಬುವುದಿಲ್ಲ. ದುಡ್ಡಿದ್ದರೆ ಸ್ಪೀಕರ್ ಬದಲಿಸಿ. ಸ್ಪೀಕರ್‌ಗೆ ಹೋಗುವ ತಂತಿ ಮಾತ್ರ ಡಿಜಿಟಲ್ ಅಲ್ಲ, ದೂರ ಇದ್ದರೆ ಅದು ದಪ್ಪ ಇರಬೇಕು. ಕರೆಂಟ್ ಅಂಗಡಿಯ ದಪ್ಪ ತಾಮ್ರದ ತಂತಿಯೇ ಸಾಕಾಗುತ್ತದೆ.

ಯುಎಸ್‌ಬಿ ಸಿ: ಇಲ್ಲಿ ಅಗ್ಗ ನಿಜವಾಗಿ ಮೋಸ

ನೋಡಲು ಎಲ್ಲವೂ ಒಂದೇ, ಕೆಲಸ ಬೇರೆ ಬೇರೆ. ಮಾಮೂಲಿ ಸಿ ಕೇಬಲ್ 60 ವ್ಯಾಟ್‌ವರೆಗೆ ಮಾತ್ರ ಚಾರ್ಜ್ ಮಾಡುತ್ತದೆ. 100 ಅಥವಾ 240 ವ್ಯಾಟ್‌ಗೆ ಕೇಬಲ್‌ನ ತುದಿಯೊಳಗೆ ಒಂದು ಚಿಪ್ ಬೇಕು, ಅದು ಚಾರ್ಜರ್‌ಗೆ "ನಾನು ಇಷ್ಟು ತಡೆದುಕೊಳ್ಳಬಲ್ಲೆ" ಅಂತ ಹೇಳಿದರೆ ಮಾತ್ರ ಚಾರ್ಜರ್ ಅಷ್ಟು ಕೊಡುತ್ತದೆ. ಜೊತೆಗೆ ವೇಗದ ಕಥೆ. ಚಾರ್ಜಿಂಗ್‌ಗೆ ಅಂತ ಮಾರುವ ಉದ್ದದ ಕೇಬಲ್‌ಗಳಲ್ಲಿ ಹೆಚ್ಚಿನವು ಒಳಗೆ ಹಳೆ ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್. ಅದರಲ್ಲಿ 100 ಜಿಬಿ ಮದುವೆ ವಿಡಿಯೋ ಹಾರ್ಡ್‌ಡಿಸ್ಕ್‌ಗೆ ಹಾಕಲು ಮುಕ್ಕಾಲು ಗಂಟೆ ಬೇಕು. ಅದೇ 10 ಗಿಗಾಬಿಟ್‌ನ ಕೇಬಲ್, ಒಳ್ಳೆ ಎಸ್‌ಎಸ್‌ಡಿ ಇದ್ದರೆ ಕೆಲವೇ ನಿಮಿಷ. ಹಾಗಾಗಿ ಇಲ್ಲಿ ಸಾವಿರ ರೂಪಾಯಿ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಡಬ್ಬದ ಮೇಲೆ ವ್ಯಾಟ್ ಮತ್ತು ಗಿಗಾಬಿಟ್ ಎರಡನ್ನೂ ಬರೆದಿರಬೇಕು. ಬರೀ "ಫಾಸ್ಟ್" ಅಂತ ಇದ್ದರೆ ವಾಪಸ್ ಇಡಿ. ಫೋನ್ ಚಾರ್ಜ್ ಮಾಡಲಷ್ಟೇ ಆದರೆ ಫೋನಿನ ಜೊತೆ ಬಂದದ್ದೇ ಸಾಕು.

ನೆಟ್ ಕೇಬಲ್: ಬ್ಲೇಡ್ ತಗೊಂಡು ಹೋಗಿ

ನೆಟ್ ಕೇಬಲ್‌ನ ದರ್ಜೆಗೆ ಕ್ಯಾಟ್ (ಕೆಟಗರಿ) ಅನ್ನುತ್ತಾರೆ. ಈಗ ಆನ್‌ಲೈನ್‌ನಲ್ಲಿ ಕ್ಯಾಟ್ 8 ಅಂತ ಹೆಣೆದ ಚಪ್ಪಟೆ ಕೇಬಲ್ ಮಾರುತ್ತಾರೆ. ಕ್ಯಾಟ್ 8 ಇರುವುದು ದೊಡ್ಡ ಡೇಟಾ ಸೆಂಟರ್‌ಗಳಿಗೆ, ಅದೂ 30 ಮೀಟರ್‌ವರೆಗೆ ಮಾತ್ರ. ನಮ್ಮ ಮನೆಗೆ ಬರುವ ಫೈಬರ್ ನೆಟ್ 100 ಮೆಗಾಬಿಟ್ಟೋ 200 ಮೆಗಾಬಿಟ್ಟೋ ಇರುತ್ತದೆ. ಹಳೆಯ ಕ್ಯಾಟ್ 5ಇ ಕೇಬಲ್ಲೇ 1 ಗಿಗಾಬಿಟ್ಟನ್ನು 100 ಮೀಟರ್ ಒಯ್ಯುತ್ತದೆ. ಕ್ಯಾಟ್ 6 ಹಾಕಿಸಿದರೆ ಮುಂದಿನ ಎಷ್ಟೋ ವರ್ಷಕ್ಕೆ ಸಾಕು.

ಆದರೆ ಕ್ಯಾಟ್ 6 ಅಂತ ಬರೆದ ಎರಡು ಬಂಡಲ್‌ಗಳ ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಇದ್ದರೆ ಹುಷಾರು. ಅಗ್ಗದ್ದರ ಮೇಲೆ ಎಲ್ಲೋ ಸಣ್ಣ ಅಕ್ಷರದಲ್ಲಿ ಸಿಸಿಎ ಅಂತ ಇರುತ್ತದೆ, ಅಥವಾ ಅದೂ ಇರುವುದಿಲ್ಲ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದದ್ದು ಅದು. ಒಂದು ಎಳೆ ತೆಗೆದು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಸಿಸಿಎ ಆದರೆ ಎರಡನೇ ಸಲಕ್ಕೇ ಒಳಗಿನ ಬೆಳ್ಳಗಿನ ಲೋಹ ಹೊಳೆಯುತ್ತದೆ. ಬಗ್ಗಿಸಿ ಬಿಟ್ಟು ಮತ್ತೆ ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ಬಂಡಲ್ ಎತ್ತಿದರೆ ಹಗುರ.

ರೂಮಿನಿಂದ ರೂಮಿಗೆ ಅಂಥದ್ದೂ ಹೇಗೋ ನಡೆಯುತ್ತದೆ. ತೊಂದರೆ ಬರುವುದು ಅದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸಿದಾಗ. ಸಿಸಿಎ ತಂತಿಯ ರೆಸಿಸ್ಟೆನ್ಸ್ ತಾಮ್ರದ ಸುಮಾರು ಒಂದೂವರೆ ಪಟ್ಟು. ಕಾಫಿ ಕೊಯ್ಲಿನ ಟೈಮಲ್ಲಿ ಕಣ ಕಾಯಲು ಕ್ಯಾಮೆರಾ ಹಾಕಿಸಿರುತ್ತೀರಿ, ಹಗಲೆಲ್ಲ ಚೆನ್ನಾಗಿ ಓಡುತ್ತದೆ. ಕತ್ತಲಾಗಿ ಕ್ಯಾಮೆರಾದ ಕೆಂಪು ನೈಟ್ ಲೈಟ್ ಹತ್ತಿಕೊಂಡ ಕೂಡಲೇ ಕರೆಂಟ್ ಜಾಸ್ತಿ ಬೇಕಾಗುತ್ತದೆ, ಆ ಕೊನೆಯಲ್ಲಿ ವೋಲ್ಟೇಜ್ ಸಾಲದೆ ಕ್ಯಾಮೆರಾ ಆಫ್ ಆಗುತ್ತದೆ, ಮತ್ತೆ ಆನ್ ಆಗುತ್ತದೆ, ಮತ್ತೆ ಲೈಟ್ ಹತ್ತುತ್ತದೆ, ಮತ್ತೆ ಆಫ್. ರಾತ್ರಿಯಿಡೀ ಇದೇ. ಕಳ್ಳ ಬರುವುದು ರಾತ್ರಿ ಅಲ್ವಾ? ಕ್ಯಾಮೆರಾ ಕೆಟ್ಟಿದೆ ಅಂತ ಬದಲಿಸಿದರೂ ಅದೇ ಪಾಡು, ಯಾಕೆಂದರೆ ಕೆಟ್ಟಿರುವುದು ಕೇಬಲ್. ಶುದ್ಧ ತಾಮ್ರದ್ದಕ್ಕೆ ಎರಡು ಪಟ್ಟು ಕೊಡಬೇಕಾಗಿ ಬಂದರೂ ಕೊಡಿ.

ಇನ್ನು ತ್ರೀ ಪ್ಲಸ್ ಒನ್ ಕೇಬಲ್‌ನ (ಚಿತ್ರಕ್ಕೊಂದು ತಂತಿ, ಜೊತೆಗೆ ಮೂರು ಸಣ್ಣ ತಂತಿ) ಮಾಮೂಲಿ ಸಿಸಿಟಿವಿ ಇರುವವರು ಗಮನಿಸಿ, ಅದರಲ್ಲಿ ಚಿತ್ರ ಬರುವುದು ಅನಲಾಗ್ ಆಗಿ, ಅಂದರೆ ಹಳದಿ ಪಿನ್ನಿನ ಕಾಲದ ಹಾಗೆ, ಸೊನ್ನೆ ಒಂದಾಗಿ ಅಲ್ಲ. ಅಲ್ಲಿ ಕಳಪೆ ಕೇಬಲ್ ಹಾಕಿದರೆ ಚಿತ್ರ ನಿಜಕ್ಕೂ ಮಸುಕಾಗುತ್ತದೆ.

ಮಳೆಗೆ ಎದುರಾಗಿ

ಡಿಶ್‌ನ ಕೇಬಲ್ಲನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಡಿಶ್ ಹಾಕುವ ಹುಡುಗ ತಂದದ್ದೇ ಕೇಬಲ್. ಜೋರು ಮಳೆ ಹೊಯ್ಯುವಾಗ ಚಾನೆಲ್ ಹೋಗುವುದು ಕೇಬಲ್‌ನಿಂದಲ್ಲ. ಆ ತರಂಗಗಳನ್ನು ಮಳೆಯೇ ನುಂಗುತ್ತದೆ, ಅದಕ್ಕೆ ಯಾವ ಕೇಬಲ್ ಹಾಕಿಯೂ ಮದ್ದಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೂ ಸಿಗ್ನಲ್ ಬರದಿದ್ದರೆ ಆಗ ಕೇಬಲ್ ಮೇಲೆ ಅನುಮಾನ ಪಡಿ. ಏಣಿ ಹತ್ತಿ ಡಿಶ್‌ನ ತುದಿಯಲ್ಲಿರುವ ಕನೆಕ್ಟರ್ ತಿರುಗಿಸಿ ಬಿಚ್ಚಿ ನೋಡಿ. ಮೇಲೆ ಸುತ್ತಿದ ಕಪ್ಪು ಟೇಪು ಜಿಗುಟಾಗಿ ಕೈಗಂಟುತ್ತದೆ. ಒಳಗಿನ ನಡು ತಂತಿಗೆ ಹಸಿರು ಕಿಲುಬು. ಸುತ್ತಲಿನ ಜಾಲರಿ ಕಪ್ಪಾಗಿ, ಉಜ್ಜಿದರೆ ಪುಡಿ. ಕೆಲವೊಮ್ಮೆ ಕನೆಕ್ಟರ್‌ನಿಂದ ಒಂದೆರಡು ಹನಿ ನೀರೇ ಬೀಳುತ್ತದೆ. ನೀರು ಅಲ್ಲಿಗೇ ನಿಲ್ಲುವುದಿಲ್ಲ, ಹೊದಿಕೆಯೊಳಗೇ ಜಾರಿಕೊಂಡು ಸೆಟ್‌ಟಾಪ್ ಬಾಕ್ಸ್‌ವರೆಗೂ ಬರುತ್ತದೆ.

ಇಲ್ಲಿ ದುಡ್ಡು ಹಾಕಬೇಕಾದ್ದು ಚಿನ್ನದ ತುದಿಗಲ್ಲ. ಕೈಯಲ್ಲಿ ತಿರುಗಿಸಿ ಕೂರಿಸುವ ಕನೆಕ್ಟರ್ ಬದಲು ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ಇನ್ಸುಲೇಷನ್ ಟೇಪ್ ಬದಲು ಎಳೆದು ಸುತ್ತಿದರೆ ತನಗೆ ತಾನೇ ಒಂದಾಗಿ ರಬ್ಬರಿನಂತೆ ಕೂರುವ ಸೆಲ್ಫ್ ಫ್ಯೂಸಿಂಗ್ ಟೇಪ್ ತನ್ನಿ. ಗೋಡೆಯೊಳಗೆ ಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮೇಲೆ ಬಂದು ಒಳಗೆ ಹೋಗಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಹತ್ತರಲ್ಲಿ ಒಬ್ಬರು ಮಾಡಿದ್ದನ್ನು ನೋಡುವುದೂ ಅಪರೂಪ.

ಹೊರಗೆ ಎಳೆಯುವ ನೆಟ್ ಕೇಬಲ್‌ಗೂ ಇದೇ ಮಾತು. ಬೂದು ಬಣ್ಣದ ಪಿವಿಸಿ ಹೊದಿಕೆ ಮನೆಯೊಳಗಿನದು, ಬೇಸಿಗೆಯ ಬಿಸಿಲಿಗೆ ಬಿರಿದು ಜೂನ್‌ಗೆ ನೀರು ಕುಡಿಯುತ್ತದೆ. ಔಟ್‌ಡೋರ್ ಅಂತ ಬರೆದ ಕಪ್ಪು ಪಿಇ (ಪಾಲಿಎಥಿಲೀನ್) ಹೊದಿಕೆಯದ್ದೇ ಬೇಕು. ಸಿಲ್ವರ್ ಓಕ್ ಮರಕ್ಕೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಬೇಡಿ, ಮರ ಗಾಳಿಗೆ ತೂಗುತ್ತದೆ, ದಪ್ಪ ಆಗುತ್ತದೆ. ಮರ ಕಪಾತು ಮಾಡುವವರಿಗೆ, ಮೆಣಸು ಕೊಯ್ಯಲು ಏಣಿ ಇಡುವವರಿಗೆ ಕೇಬಲ್ ಎಲ್ಲಿ ಹೋಗಿದೆ ಅಂತ ಮೊದಲೇ ತೋರಿಸಿಬಿಡಿ. ಕರೆಂಟ್ ಲೈನ್‌ನ ಹತ್ತಿರಕ್ಕಂತೂ ಒಯ್ಯಲೇಬೇಡಿ. ನೆಲದಲ್ಲಿ ಹಾಕಿದರೆ ಪೈಪ್‌ನೊಳಗೆ, ಆಳವಾಗಿ. ಕಾಡುಹಂದಿ ಉತ್ತುಹಾಕದ ಜಾಗ ನಮ್ಮ ತೋಟಗಳಲ್ಲಿ ಎಲ್ಲಿದೆ?

ಗೇಟು ದೂರ ಇದ್ದರೆ

ನೆಟ್ ಕೇಬಲ್‌ನ ಮಿತಿ 100 ಮೀಟರ್. ಮನೆಯಿಂದ ತೋಟದ ಗೇಟಿಗೆ ಅಷ್ಟರಲ್ಲಿ ಮುಗಿಯುವವರು ಕಡಿಮೆ. ಮೂರು ದಾರಿ ಇವೆ. ನಡುವೆ ಒಂದು ನೆಟ್‌ವರ್ಕ್ ಸ್ವಿಚ್ (ಸಿಗ್ನಲ್ಲನ್ನು ಮುಂದಿನ ಕೇಬಲ್‌ಗೆ ದಾಟಿಸುವ ಸಾಧನ) ಇಡಬಹುದು, ಆದರೆ ಅಲ್ಲಿಗೆ ಕರೆಂಟ್ ಬೇಕು, ಮಳೆ ತಾಗದ ಡಬ್ಬ ಬೇಕು, ಆ ಡಬ್ಬದೊಳಗೆ ಇರುವೆ ಗೂಡು ಕಟ್ಟದಂತೆ ನೋಡಿಕೊಳ್ಳಬೇಕು. ವೈರ್‌ಲೆಸ್ ಸೆಟ್ ಹಾಕಬಹುದು, ಎರಡು ಕಡೆಗೂ ನೇರ ಕಾಣಿಸಿದರೆ ಚೆನ್ನ, ನಡುವೆ ಒದ್ದೆ ಎಲೆಯ ಮರಗಳಿದ್ದರೆ ಮಳೆಗಾಲದಲ್ಲಿ ಕೈಕೊಡುತ್ತದೆ. ಮೂರನೆಯದು ಫೈಬರ್.

ನಾನು ಫೈಬರ್ ಕಡೆ. ಮನೆಗೆ ನೆಟ್ ಕೊಡಲು ಎಳೆಯುವ ಅದೇ ತೆಳ್ಳಗಿನ ಡ್ರಾಪ್ ಕೇಬಲ್, ಮೀಟರ್ ಲೆಕ್ಕದಲ್ಲಿ ಒಳ್ಳೆ ಕ್ಯಾಟ್ 6ಗಿಂತ ಅಗ್ಗ. ಖರ್ಚು ಬರುವುದು ಎರಡು ತುದಿಯ ಮೀಡಿಯಾ ಕನ್ವರ್ಟರ್‌ಗೆ (ಬೆಳಕನ್ನು ನೆಟ್ ಕೇಬಲ್‌ನ ಸಿಗ್ನಲ್ ಆಗಿ ಬದಲಿಸುವ ಸಾಧನ) ಮತ್ತು ಸ್ಪ್ಲೈಸ್ ಮಾಡುವವರ, ಅಂದರೆ ಎಳೆಗಳನ್ನು ಬೆಸೆಯುವವರ ಕೂಲಿಗೆ. ಗೇಟಿನ ಹತ್ತಿರ ಕ್ಯಾಮೆರಾಕ್ಕೆ ಕರೆಂಟ್ ಅಥವಾ ಸೋಲಾರ್ ಬೇರೆ ಬೇಕು, ಫೈಬರ್‌ನಲ್ಲಿ ಕರೆಂಟ್ ಹೋಗುವುದಿಲ್ಲ. ಆದರೆ ಕರೆಂಟ್ ಹೋಗುವುದಿಲ್ಲ ಅನ್ನುವುದೇ ಅದರ ದೊಡ್ಡ ಗುಣ.

ಸಿಡಿಲು

ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ತುಲಾ ಸಂಕ್ರಮಣದ ಹೊತ್ತಿನ ಅಕ್ಟೋಬರ್. ಸಿಡಿಲು ಮನೆಗೇ ಬಡಿಯಬೇಕಿಲ್ಲ. ತೋಟದ ಯಾವುದೋ ಮರಕ್ಕೆ ಬಡಿದರೂ ನೂರು ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ ಒಂದು ಕ್ಷಣಕ್ಕೆ ಸಾವಿರಾರು ವೋಲ್ಟ್ ಏಳಬಹುದು. ಅದು ಸ್ವಿಚ್‌ನ ಪೋರ್ಟ್ ಸುಟ್ಟು, ರೆಕಾರ್ಡರ್‌ಗೆ ನುಗ್ಗಿ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೂ ಹೋಗಬಹುದು. ಮುನ್ನೂರರ ಕೇಬಲ್ಲೂ ಒಂದೇ, ಮೂವತ್ತು ಸಾವಿರದ್ದೂ ಒಂದೇ, ತಾಮ್ರ ತಾಮ್ರವೇ. ಫೈಬರ್ ಬರೀ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ. ಒಂದೇ ಎಚ್ಚರ, ಕೆಲವು ಡ್ರಾಪ್ ಕೇಬಲ್‌ಗಳಲ್ಲಿ ಭಾರ ಹೊರಲು ಸ್ಟೀಲ್ ತಂತಿ ಇರುತ್ತದೆ. ಸ್ಟೀಲ್ ಇಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿಯದ್ದು ಕೇಳಿ ತಗೊಳ್ಳಿ. ಸ್ಟೀಲ್ ಇದ್ದದ್ದೇ ಸಿಕ್ಕರೆ ಆ ತಂತಿಯನ್ನು ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ.

ತಾಮ್ರವೇ ಇದ್ದರೆ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು. ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಸುಮ್ನೆ ಒಂದು ಡಬ್ಬ, ಮೊದಲು ಅರ್ತಿಂಗ್ ನೋಡಿಸಿ.

ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆಯುವ ಅಭ್ಯಾಸ ನಮ್ಮವರಿಗೆಲ್ಲ ಇದೆ. ಆದರೆ ತೆಗೆಯುವುದು ಕರೆಂಟಿನ ಪ್ಲಗ್ ಮಾತ್ರ. ಡಿಶ್‌ನಿಂದ ಬಂದ ಕೇಬಲ್ ಬಾಕ್ಸ್‌ಗೆ ಸಿಕ್ಕಿಕೊಂಡೇ ಇರುತ್ತದೆ, ತೋಟದಿಂದ ಬಂದ ನೆಟ್ ಕೇಬಲ್ ರೆಕಾರ್ಡರ್‌ನಲ್ಲೇ ಇರುತ್ತದೆ. ಅವೆರಡನ್ನೂ ತೆಗೆಯಬೇಕು, ಅದೂ ಮೊದಲ ಗುಡುಗು ದೂರದಲ್ಲಿ ಕೇಳಿಸಿದಾಗಲೇ, ತಲೆ ಮೇಲೆ ಬಂದ ಮೇಲೆ ಆ ಕೇಬಲ್‌ಗಳನ್ನು ಮುಟ್ಟಬಾರದು. ಹೋಮ್‌ಸ್ಟೇಯವರು ಟಿವಿಯನ್ನು ಗೋಡೆಗೆ ಒತ್ತಿ ಕೂರಿಸುತ್ತಾರೆ, ಹಿಂದೆ ಬೆರಳೂ ಹೋಗುವುದಿಲ್ಲ. ಹೊಸದಾಗಿ ಹಾಕಿಸುವವರು ಮುಂದಕ್ಕೆ ಎಳೆಯಲು ಬರುವ ಸ್ಟ್ಯಾಂಡ್ ಹಾಕಿಸಿ, ಡಿಶ್ ಕೇಬಲ್‌ಗೆ ಕೈಗೆಟುಕುವ ಕಡೆ ಒಂದು ಜಾಯಿಂಟ್ ಕೊಡಿಸಿ, ರೂಮಿನ ಹುಡುಗನಿಗೆ ಯಾವುದನ್ನು ಬಿಚ್ಚಬೇಕು ಅಂತ ಟೇಪ್ ಸುತ್ತಿ ಗುರುತು ಮಾಡಿ ತೋರಿಸಿಡಿ.